ಚಿತ್ರಾಂಗನಿಯ ರಾಗ ಮತ್ತು ನಮ್ಮ ಮೋರಿಸ್ ಕಾರು

ಚಿತ್ರಾಂಗನಿಗೆ ಅರವತ್ತು ತುಂಬುವ ದಿನ ಅವಳ ರಾಗವನ್ನು ಅವಳಿಗೆ ಹಿಂದಿರುಗಿಸಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದೆ. ಸಾಕ್ಷಿಗೆ ಇದ್ದದ್ದು ಅಂಗಳದ ದೇವಕಣಗಿಲೆ ಮರ ಮತ್ತು ಅದರ ಕೆಳಗೆ ನಿಂತ ನಮ್ಮ ಬೂದುಬಣ್ಣದ ಮೋರಿಸ್ ಮೈನರ್. ಎರಡೂ ಏನೂ ಹೇಳಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದೇ ತಿಳಿದೆ. ಕೊಲಂಬೊ ಹತ್ತಿರದ ಪಾನದುರದ ಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವನಿಗೆ, ಹಳೆಯ ಕಾರೊಂದಕ್ಕೆ ಬ್ಲೂಟೂತ್ ಕೂಡಿಸಿ ಫೋನಿನಿಂದ ಹಾಡು ಬರಿಸುವುದು ಯಾವ ಮಹಾ ಕೆಲಸ!

ಅವಳ ರಾಗ ಕಳೆದುಹೋದ ಕಥೆಯನ್ನು ಮೊದಲು ಹೇಳಬೇಕು. ನನ್ನ ಹೆಂಡತಿ ಪಿಯಾನೊ ಟೀಚರ್. ಅವಳನ್ನು ನಾನು ಮೊದಲು ನೋಡಿದ್ದು ಬೆನ್ನ ಕಡೆಯಿಂದ; ಶಿಕ್ಷಕರ ಕಾಲೇಜಿನ ಸಭಾಂಗಣದಲ್ಲಿ ಪುಟ್ಟದೊಂದು ರಾಗ ನುಡಿಸುತ್ತಿದ್ದಳು. ಎರಡು ಸ್ವರಗಳು ಬಾಗಿಲ ಬಳಿ ನೀನು ಮೊದಲು, ನೀನು ಮೊದಲು ಎಂದು ಉಪಚಾರ ಮಾಡಿಕೊಂಡು, ಕೊನೆಗೆ ಕೈಹಿಡಿದು ಒಳಗೆ ಬಂದ ಹಾಗಿತ್ತು. ಅವಳು ತಿರುಗಿ ನೋಡುವ ಮೊದಲೇ ನಾನು ಮದುವೆಗೆ ತಯಾರಾಗಿದ್ದೆ.

ಅದೇ ರಾಗವನ್ನು ಮುಂದೆ ಯಾರೋ ಪುಣ್ಯಾತ್ಮರು ಬೀದಿ ಬೀದಿ ಸುತ್ತಿ ಮಾರುವ ಬ್ರೆಡ್ಡಿನ ಆಟೋಗಳಿಗೆ ಹಾಕಿದರು. ದಿನಕ್ಕೆರಡು ಸಲ, ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಐದಕ್ಕೆ, ಮೂಗು ಕಟ್ಟಿದ ದನಿಯಲ್ಲಿ ರಾಗದ ಮೊದಲ ಸಾಲು ಮಾತ್ರ ಸುತ್ತಿ ಸುತ್ತಿ ಬರುತ್ತದೆ. ಜನ ಚೀಲ ಹಿಡಿದು ಗೇಟಿಗೆ ಓಡುತ್ತಾರೆ. ಕ್ರಮೇಣ ಹೇಗಾಯಿತೆಂದರೆ, ಚಿತ್ರಾಂಗನಿ ಪಿಯಾನೊ ಮುಂದೆ ಕುಳಿತು ಆ ರಾಗ ಎತ್ತಿಕೊಂಡರೆ ಸಾಕು, ಬೀದಿಯಿಂದ ಯಾರಾದರೂ ಒಂದು ಬ್ರೆಡ್ ಕೊಡಿ ಎಂದು ಕೂಗುವರು. ಮೂರನೆಯ ಸಲ ಹಾಗಾದಾಗ ಅವಳು ಮುಚ್ಚಳ ಹಾಕಿದಳು. ಬೇರೆಲ್ಲ ನುಡಿಸುತ್ತಾಳೆ. ಅದೊಂದನ್ನು ಮುಟ್ಟಿ ಹದಿನಾಲ್ಕು ವರ್ಷ.

ನನ್ನ ಬಳಿ ಅವಳೇ ನುಡಿಸಿದ ಹಳೆಯ ಕ್ಯಾಸೆಟ್ ಒಂದಿತ್ತು. ಅವಳಿಗೆ ಇಪ್ಪತ್ತಾರು ಇದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ಹಿಡಿದದ್ದು. ಅದನ್ನು ಗುಟ್ಟಾಗಿ ಫೋನಿಗೆ ಇಳಿಸಿಕೊಂಡೆ. ಕಾರಿನ ಗಾಜು ಏರಿಸಿ, ಊರಿನ ಗದ್ದಲವನ್ನೆಲ್ಲ ಹೊರಗಿಟ್ಟು, ಸಮುದ್ರದ ಕಡೆ ಹೋಗುತ್ತ ಅವಳೊಬ್ಬಳಿಗೇ ಮೊದಲಿನಿಂದ ಕೊನೆಯವರೆಗೆ ಕೇಳಿಸುವುದು. ಅವಳ ಹುಟ್ಟಿದ ದಿನವಾದ ಬುಧವಾರಕ್ಕೆ ಇದು ಯೋಜನೆ.

ಕೊಲಂಬೊದಿಂದ ಬ್ಲೂಟೂತ್ ಯಂತ್ರ ತಂದೆ. ಫೋನಿನಲ್ಲಿ ಒಬ್ಬ ತೋರಿಸಿದಂತೆಯೇ ತಂತಿ ಜೋಡಿಸಿದೆ. ಯಂತ್ರದಲ್ಲಿ ಪುಟ್ಟ ನೀಲಿ ದೀಪವೊಂದು ಹತ್ತಿ, ನನ್ನನ್ನು ನೋಡಿ ಕಣ್ಣು ಮಿಟುಕಿಸಿ, ಹೊಗೆಯಾಗಿ ಸ್ವರ್ಗಸ್ಥವಾಯಿತು.

ಅಡಿಗೆಮನೆಯಿಂದ ಚಿತ್ರಾಂಗನಿಯ ದನಿ ಬಂತು. "ಏನೋ ಸುಡ್ತಿದೆ."

"ಊದುಬತ್ತಿ."

"ಪ್ಲಾಸ್ಟಿಕ್ ಊದುಬತ್ತಿ ಯಾವ ಬುದ್ಧವಿಹಾರದಲ್ಲಿ ಹಚ್ತಾರೆ, ಮಹತ್ತಯಾ?"

ನಮ್ಮಲ್ಲಿ ಮಹತ್ತಯಾ ಎಂದರೆ ದೊಡ್ಡವರು, ಯಜಮಾನರು. ಅವಳು ನನ್ನನ್ನು ಹಾಗೆ ಕರೆಯುವುದು ನಾನು ತೀರಾ ಸಣ್ಣವನಾಗಿದ್ದಾಗ ಮಾತ್ರ.

ಎರಡನೆಯ ಯಂತ್ರ ಹಿಡಿದು ಸರನೇಲಿಸ್ ಬಾಸ್ ಹತ್ತಿರ ಹೋದೆ. ಕಸುಬು ಬಲ್ಲವರನ್ನು ನಾವು ಬಾಸ್ ಎನ್ನುತ್ತೇವೆ. ಸರನೇಲಿಸರಿಗೆ ಆ ಮಾತೂ ಕಡಿಮೆಯೇ. ಪಾನದುರದಿಂದ ಕಳುತರದವರೆಗಿನ ಅಷ್ಟೂ ಬ್ರೆಡ್ಡಿನ ಆಟೋಗಳಿಗೆ ದನಿ ಕೂರಿಸಿದವರು ಅವರೇ. ಶತ್ರುವಿನ ಕೋಟೆಗೇ ಹೋದೆಯಲ್ಲ ಎನ್ನಬೇಡಿ. ದನಿಯ ವಿಷಯದಲ್ಲಿ ಅವರಂಥವರು ಈ ಕರಾವಳಿಯಲ್ಲಿ ಇನ್ನೊಬ್ಬರಿಲ್ಲ.

ಬಾಸ್ ಬಾನೆಟ್ ಎತ್ತಿ, ಒಳಗೆ ಒಂದು ಕ್ಷಣ ಬಗ್ಗಿ, ನೆಟ್ಟಗಾದರು.

"ಸರ್, ಈ ಕಾಲದ ಕಾರಲ್ಲಿ ಬ್ಯಾಟರಿಯ ಪ್ಲಸ್ಸು ಕಾರಿನ ಮೈಗೆ ಸೇರಿರುತ್ತೆ. ಈಗಿನ ಸಾಮಾನಿಗೆ ಮೈನಸ್ಸು ಮೈಗಿರಬೇಕು. ಉಲ್ಟಾ ಕೊಟ್ರೆ ಸುಡದೇ ಇರುತ್ತಾ?"

"ಅದು ಬಹಳ ಸೂಕ್ಷ್ಮವಾದ ವಿಷಯ, ಬಾಸ್."

"ಎಂಟನೇ ಕ್ಲಾಸಲ್ಲಿ ನನ್ನ ಮಗಳಿಗೆ ಇದನ್ನ ಹೇಳಿಕೊಟ್ಟಿದ್ದು ನೀವೇ, ಸರ್."

ನಾನು ಕಾರಿನ ಚಕ್ರವೊಂದನ್ನು ಆಸಕ್ತಿಯಿಂದ ಪರೀಕ್ಷಿಸಿದೆ.

ಅವರ ಕೆಲಸ ನೋಡುವುದೇ ಒಂದು ಭಾಗ್ಯ. ಬ್ಯಾಟರಿಯನ್ನು ತಿರುಗಿಸಿ ಕೂರಿಸಿದರು. ಡೈನಮೋಗೆ ತಂತಿಯ ತುದಿಯನ್ನು ಒಮ್ಮೆ ಮುಟ್ಟಿಸಿ ತೆಗೆದರು, ಪುಟ್ಟದೊಂದು ಕಿಡಿ. ಅರವತ್ತು ವರ್ಷ ಒಂದೇ ದಿಕ್ಕಿಗೆ ವಿದ್ಯುತ್ತು ಹರಿಸಿದ ಆ ಮುದಿ ಡೈನಮೋ ತಕರಾರಿಲ್ಲದೆ ಇನ್ನೊಂದು ದಿಕ್ಕು ಕಲಿತುಕೊಂಡಿತು. ನನ್ನ ಮೂವತ್ತೊಂದು ವರ್ಷದಲ್ಲಿ ಇಷ್ಟು ಬೇಗ ಕಲಿತ ವಿದ್ಯಾರ್ಥಿ ಒಬ್ಬನೂ ಇಲ್ಲ.

ಯಾವ ಹಾಡು ಎಂದು ಕೇಳಿದರು. ಫೋನಿನಲ್ಲಿ ಚಿತ್ರಾಂಗನಿಯ ರಾಗ ಹಾಕಿದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಬಾಸ್ ಕೈ ಒರೆಸಿಕೊಂಡು ನನ್ನನ್ನೇ ನೋಡತೊಡಗಿದರು. ಇದೇನಾ ಎಂದರು. ಇದೊಂದೇ ಸಾಕು, ಬುಧವಾರದಿಂದ ಶುರು ಎಂದೆ. ಟೀಚರಿಗೆ ಗೊತ್ತಾ ಎಂದರು. ಇನ್ನೂ ಹೇಳಿಲ್ಲ ಎಂದೆ. ಅವರ ಕಣ್ಣು ಒದ್ದೆಯಾಯಿತು. ನನ್ನ ಭುಜದ ಮೇಲೆ ಕೈಯಿಟ್ಟು, "ಮರ್ಯಾದೆಯಿಂದ ಮಾಡೋ ಕೆಲಸಕ್ಕೆ ನಾಚಿಕೆ ಪಡಬಾರದು ಸರ್" ಎಂದರು.

ಮುದಿ ವಯಸ್ಸಿನಲ್ಲಿ ಹೆಂಡತಿಯನ್ನು ಪ್ರೀತಿಸುವ ಧೈರ್ಯವನ್ನು ಒಬ್ಬ ಗಂಡಸು ಇನ್ನೊಬ್ಬ ಗಂಡಸಿನಲ್ಲಿ ಗುರುತಿಸಿದ ಗಳಿಗೆ ಅದು ಎಂದುಕೊಂಡು ನಾನೂ ಅವರ ಕೈ ಕುಲುಕಿದೆ. ನೀವೇ ತಿಳಿದ ಹಾಗೆ ಕೂರಿಸಿ ಬಾಸ್ ಎಂದು ಹೇಳಿ ಟೀ ಕುಡಿಯಲು ಹೋದೆ. ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಶೆಡ್ಡಿನ ತಗಡು ಮಾಡಿನ ಕೆಳಗೆ ರಾಗ ಎಲ್ಲ ಕಡೆಯಿಂದಲೂ ತುಂಬಿ ಬರುತ್ತಿತ್ತು. ಸ್ಪೀಕರ್ ಎಲ್ಲಿದೆ ಎಂದು ಕೇಳುವ ಸಣ್ಣ ಬುದ್ಧಿ ನನಗೆ ಬರಲಿಲ್ಲ. ಬಾಸ್ ಪಂಚಾಂಗವನ್ನೂ ನೋಡಿಟ್ಟಿದ್ದರು: ಬುಧವಾರ ಸಂಜೆ ನಾಲ್ಕು ಗಂಟೆ ಐವತ್ತೆರಡು ನಿಮಿಷಕ್ಕೆ ಶುಭ ಮುಹೂರ್ತ, ಮೊದಲ ದನಿ ಆಗಲೇ ಹೊರಡಬೇಕು.

ಬುಧವಾರ ಚಿತ್ರಾಂಗನಿ ತಿಳಿನೀಲಿ ಸೀರೆ ಉಟ್ಟು ನನ್ನ ಪಕ್ಕದಲ್ಲಿ ಕುಳಿತಳು. ಗಾಜು ಏರಿಸಿದೆ. ನಾಲ್ಕು ಐವತ್ತೆರಡಕ್ಕೆ ಸರಿಯಾಗಿ ಫೋನು ಒತ್ತಿದೆ. ರಾಗ ಬಂತು. ಆದರೆ ಎಲ್ಲೋ ದೂರದಿಂದ, ನಾಲ್ಕು ಮನೆಯಾಚೆ ಯಾರೋ ನುಡಿಸುತ್ತಿರುವ ಹಾಗೆ ಬಂತು.

ಅವಳು ಕೈಗಳನ್ನು ಮಡಿಲಲ್ಲಿ ಕೂಡಿಸಿ ಕಿವಿಗೊಟ್ಟಳು. "ಇದು ನಾನು" ಎಂದಳು.

"ನೀನೇ."

"ಇಷ್ಟು ಸಣ್ಣಗೆ ಯಾಕೆ ಕೇಳಿಸ್ತಿದೆ?"

ನಾನು ದನಿ ಏರಿಸಿದೆ. ದೂರದ ಪಿಯಾನೊ ದೂರದಲ್ಲೇ ಉಳಿಯಿತು. ಇನ್ನಷ್ಟು ಏರಿಸಿದೆ. ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಕಾರನ್ನು ಬೀದಿಗಿಳಿಸಿದೆ. ಮೊದಲ ಗೇಟಿನಿಂದ ಇಬ್ಬರು ಓಡಿಬಂದು ಕೈಬೀಸಿದರು. ಎರಡನೆಯ ಗೇಟಿನಿಂದ ಇಡೀ ಸಂಸಾರ. ನನ್ನ ಎದೆ ಉಬ್ಬಿತು.

"ನೋಡು, ನಿನ್ನ ಹುಟ್ಟಿದ ಹಬ್ಬಕ್ಕೆ ಬೀದಿಗೆ ಬೀದಿಯೇ ಕೈ ಬೀಸ್ತಿದೆ."

ಅವಳು ಮಹಾರಾಣಿಯಂತೆ ಕೈಬೀಸಿದಳು. ನಾನು ಗೌರವಕ್ಕೆ ವೇಗ ತಗ್ಗಿಸಿದೆ. ಜನ ಹಿಂದೆಯೇ ಬರತೊಡಗಿದರು. ಕನ್ನಡಿಯಲ್ಲಿ ಒಂದು ಸಣ್ಣ ಮೆರವಣಿಗೆ ಕಂಡಿತು.

"ಅವರ ಕೈಯಲ್ಲಿ ಚೀಲ ಯಾಕಿದೆ?" ಎಂದಳು.

"ಉಡುಗೊರೆ ಇರಬೇಕು."

"ಖಾಲಿ ಚೀಲದಲ್ಲಾ?"

ಅಷ್ಟರಲ್ಲಿ ತಿರುವಿನ ಮನೆಯ ಲೀಸಿ ಆಚ್ಚಿ ಕೈಯೆತ್ತಿ ಕಾರಿಗೆ ಅಡ್ಡ ನಿಂತರು. ಎಂಬತ್ತೆರಡರ ಅಜ್ಜಿ, ಬ್ರೇಕು ಹಾಕದೆ ವಿಧಿಯಿಲ್ಲ. ಗಾಜು ಇಳಿಸಿದೆ. ಇಳಿಸಿದ್ದೇ ತಡ, ರಾಗ ಸಿಡಿಲಿನಂತೆ ಕಿವಿಗೆ ಬಡಿಯಿತು! ಅದು ಬರುತ್ತಿದ್ದದ್ದು ಕಾರಿನ ಒಳಗಿಂದಲ್ಲ. ಮುಂದಿನ ಜಾಲರಿಯ ಹಿಂದೆ ಬಾಸ್ ಭದ್ರವಾಗಿ ಬಿಗಿದಿದ್ದ, ಬೀದಿಗೆ ಬಾಯಿ ತೆರೆದ ಸ್ಪೀಕರಿನಿಂದ.

"ಎರಡು ಬ್ರೆಡ್ಡು, ನಾಲ್ಕು ಮೊಸಳೆ ಆಕಾರದ ಬನ್ನು. ಸಕ್ಕರೆ ಜಾಸ್ತಿ ಇರೋದು ಕೊಡು" ಎಂದರು ಆಚ್ಚಿ.

ನಾನು ಚಿತ್ರಾಂಗನಿಯ ಮುಖ ನೋಡಿದೆ. ಹದಿನಾಲ್ಕು ವರ್ಷ ಅವಳು ಕಾಯ್ದುಕೊಂಡಿದ್ದನ್ನು, ಅವಳ ಹುಟ್ಟಿದ ದಿನವೇ, ಅವಳದೇ ಬೆರಳುಗಳಿಂದಲೇ ನಾನು ಬ್ರೆಡ್ಡು ಮಾಡಿಬಿಟ್ಟಿದ್ದೆ. ನಿಲ್ಲಿಸಲು ಫೋನಿನ ಕಡೆ ಕೈಚಾಚಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಬಿಡಿ. ನಡುವಿನ ಭಾಗ ಬರ್ತಿದೆ."

ಬ್ರೆಡ್ಡಿನ ಆಟೋಗಳು ಎಂದೂ ಅಲ್ಲಿಯವರೆಗೆ ಹೋಗುವುದಿಲ್ಲ. ರಾಗ ಮೊದಲ ಸಾಲನ್ನು ದಾಟಿತು. ಹೊಸ್ತಿಲಲ್ಲಿ ಉಪಚಾರ ಮುಗಿಸಿ, ದೊಡ್ಡ ಕಿಟಕಿಗಳಿರುವ ಕೋಣೆಯೊಂದಕ್ಕೆ ಕಾಲಿಟ್ಟಿತು. ಇಪ್ಪತ್ತಾರರ ಚಿತ್ರಾಂಗನಿ ಅಲ್ಲಿ ಯಾರ ಹಂಗೂ ಇಲ್ಲದೆ ಓಡಾಡಿದಳು. ಚೀಲಗಳು ಕೆಳಗಿಳಿದವು. ನಿಜವಾದ ಬ್ರೆಡ್ಡಿನ ಆಟೋದ ಉಪುಲ್ ಸಿಟ್ಟಿನಿಂದಲೇ ತಿರುವಿನಲ್ಲಿ ಬಂದವನು, ತನ್ನ ಆಟೋದ ಹಾಡನ್ನು ಆರಿಸಿ, ಹ್ಯಾಂಡಲ್ ಮೇಲೆ ಗದ್ದ ಊರಿ ಕುಳಿತ. ಕೊನೆಯ ಸ್ವರ ಆರಿತು.

"ಇದಕ್ಕೆ ಮುಂದೆ ಇಷ್ಟೆಲ್ಲಾ ಇದೆಯಾ?" ಎಂದರು ಲೀಸಿ ಆಚ್ಚಿ, ಮೋಸ ಹೋದವರ ದನಿಯಲ್ಲಿ. "ಇಷ್ಟು ವರ್ಷ ಒಬ್ಬರೂ ನಂಗೆ ಹೇಳಲಿಲ್ಲವಲ್ಲ. ನುಡಿಸಿದ್ದು ಯಾರು?"

ವಿವರಿಸಲು ನಾನು ಬಾಯಿ ತೆರೆದೆ.

"ನಾನು, ಆಚ್ಚಿ" ಎಂದಳು ಚಿತ್ರಾಂಗನಿ.

"ಹಾಗಾದರೆ ಇನ್ನೊಂದು ಸಲ ಹಾಕಿಸು ಮಗಳೇ. ಬ್ರೆಡ್ಡು ಆಮೇಲೆ ತಗೋತೀನಿ."

ಇನ್ನೊಂದು ಸಲ ಹಾಕಿದೆ. ಉಪುಲ್ ಕಾರಿನ ಪಕ್ಕದಲ್ಲೇ ಆಟೋ ನಿಲ್ಲಿಸಿಕೊಂಡು ಇದ್ದ ಬದ್ದ ಬನ್ನುಗಳನ್ನೆಲ್ಲ ಅಲ್ಲೇ ಮಾರಿ ಮುಗಿಸಿದ. ನಾವು ಸಮುದ್ರ ತಲುಪಲೇ ಇಲ್ಲ. ಮನೆಗೆ ಬಂದ ಮೇಲೆ ಅವಳು ಸೀರೆಯನ್ನೂ ಬದಲಿಸದೆ ಪಿಯಾನೊದ ಮುಚ್ಚಳ ಎತ್ತಿ, ಆ ರಾಗವನ್ನು ಕೊನೆಯವರೆಗೆ ನುಡಿಸಿದಳು. ಎರಡು ಕಡೆ ತಪ್ಪಿತು. ಅಷ್ಟು ಚಂದದ ತಪ್ಪುಗಳನ್ನು ನಾನು ಕೇಳಿಲ್ಲ. ಇದೆಲ್ಲ ನನ್ನ ಸಾಧನೆಯೇ ಎಂದು ಆ ರಾತ್ರಿ ಮೀಸೆ ತಿರುವಿಕೊಂಡೇ ಮಲಗಿದೆ.

ಮರುದಿನ ಬೆಳಿಗ್ಗೆ ಸರನೇಲಿಸ್ ಬಾಸ್ ಗೇಟಿನಲ್ಲಿ ನಿಂತಿದ್ದರು. ಸೈಕಲ್ಲಿನ ಹಿಂದೆ ತಾವೇ ಮಾಡಿದ ಗಾಜಿನ ಪೆಟ್ಟಿಗೆ. ಒಳಗೆ ಮೂರು ಅಂತಸ್ತಿನ ಹಲಗೆ. ಮೋರಿಸ್ಸಿನ ಹಿಂದಿನ ಸೀಟಿನ ಅಳತೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪಿಂಚಣಿ ಸಾಲದೆ ಸರ್ ಈ ವಯಸ್ಸಿನಲ್ಲಿ ಬ್ರೆಡ್ಡಿನ ವ್ಯಾಪಾರಕ್ಕೆ ಇಳಿದಿದ್ದಾರೆಂದು ಆ ರಾಗ ಕೇಳಿದ ಕೂಡಲೇ ತಿಳಿಯಿತು, ಬಾಯಿಬಿಟ್ಟು ಕೇಳಿ ನೋಯಿಸಲು ಮನಸ್ಸಾಗಲಿಲ್ಲ ಎಂದು ಚಿತ್ರಾಂಗನಿಗೆ ಮೆಲ್ಲಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಮೊದಲ ದಿನದ ವ್ಯಾಪಾರ ಹೇಗಾಯಿತು ಎಂದು ಕೇಳಿದರು.

ನನಗಿಂತ ಮೊದಲು ಚಿತ್ರಾಂಗನಿಯೇ ಉತ್ತರಿಸಿದಳು.

"ಭರ್ಜರಿಯಾಯ್ತು ಬಾಸ್. ಬೀದೀಲಿದ್ದ ಗಿರಾಕಿಗಳೆಲ್ಲ ಬಂದ್ರು. ಮಹತ್ತಯಾ ಬ್ರೆಡ್ಡು ತರೋದೊಂದನ್ನ ಮರೆತಿದ್ರು, ಅಷ್ಟೆ."