ಸಕ್ಕರೆಯಲ್ಲಿ ಏಳು ಲವಂಗ

ಸಕ್ಕರೆ ಡಬ್ಬಿಯಲ್ಲಿ ಏಳು ಲವಂಗ. ಆರಲ್ಲ, ಎಂಟಲ್ಲ, ಏಳೇ. ಉಪ್ಪಿನಲ್ಲಿ ಒಂದು ಚಿಟಿಕೆ ಅಕ್ಕಿಕಾಳು. ಖಾರದ ಪುಡಿಯಲ್ಲಿ ಇಂಗಿನ ಒಂದು ಹರಳು. ಗುರೆಳ್ಳು ಪುಡಿಯಲ್ಲಿ ಕರಿಬೇವಿನ ಒಣಕಡ್ಡಿ.

ನಮ್ಮ ದೊಡ್ಡವ್ವನ ಅಡುಗೆಮನೆಯಲ್ಲಿ ಡಬ್ಬಿಯ ಹೊರಗೆ ಬರೆದದ್ದನ್ನು ನಂಬಿದವರು ಯಾರೂ ಸುಖಪಟ್ಟಿಲ್ಲ. ಬಿಸ್ಕತ್ತಿನ ಚಿತ್ರವಿದ್ದರೆ ಒಳಗೆ ಉಪ್ಪು. ನಗುವ ಕೂಸಿನ ಹಾಲುಪುಡಿ ಡಬ್ಬಿಯಲ್ಲಿ ಬ್ಯಾಡಗಿ ಖಾರ. ಯಾವ ಡಬ್ಬಿ ಖಾಲಿಯಾಯಿತೋ ಅದಕ್ಕೆ ಕೈಗೆ ಸಿಕ್ಕ ಪದಾರ್ಥ ಸುರಿಯುವುದು ಅವಳ ಪದ್ಧತಿ. ಅವಳು ಮಾತ್ರ ಒಮ್ಮೆಯೂ ತಪ್ಪುತ್ತಿರಲಿಲ್ಲ; ತಪ್ಪುವುದು ಏನಿದ್ದರೂ ನಮ್ಮ ಪಾಲಿಗೆ!

ತಿಕೋಟಾದಲ್ಲಿ ಅವಳದೊಂದು ಖಾನಾವಳಿ ಇತ್ತು. ದೊಡ್ಡಪ್ಪ ತೀರಿಕೊಂಡ ಮೇಲೆ ಒಂದು ಒಲೆ, ಎರಡು ಬೆಂಚಿನಿಂದ ತಾನೇ ಕಟ್ಟಿದ್ದು. ಅವಳ ಕಾಲ ಮುಗಿದ ಮೇಲೆ ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಆ ಕಡೆ ಹೋದಾಗ ಕಾರಣವಿಲ್ಲದೆ ಅದರ ಮುಂದೆ ನಿಲ್ಲುತ್ತೇನೆ. ಅಂಗಡಿಯವನು ಏನು ಬೇಕೆಂದು ಕೇಳುತ್ತಾನೆ. ಗುರೆಳ್ಳು ಹುರಿದ ವಾಸನೆ ಬೇಕು ಎನ್ನಲಾಗುತ್ತದೆಯೇ? ಚಾರ್ಜರ್ ಕೊಂಡು ಬರುತ್ತೇನೆ. ನನ್ನ ಬಳಿ ಈಗ ನಾಲ್ಕು ಚಾರ್ಜರುಗಳಿವೆ.

ಜೈನಾಪುರದ ಬೀಗರೊಬ್ಬರು ಒಮ್ಮೆ ಖಾನಾವಳಿಗೆ ಬಂದಿದ್ದರು. ದೊಡ್ಡವ್ವ ಸಂತೆಗೆ ಹೋಗಿದ್ದಳು. ಅವರೇ ಚಹಾಪುಡಿಯ ಡಬ್ಬಿ ಹುಡುಕಿ ಚಹಾ ಮಾಡಿಕೊಂಡರು. ಒಳಗಿದ್ದದ್ದು ಗುರೆಳ್ಳು ಚಟ್ನಿಪುಡಿ. ದೊಡ್ಡವ್ವ ಬರುವಷ್ಟರಲ್ಲಿ ಕಪ್ಪು ಖಾಲಿಯಾಗಿತ್ತು.

"ಚಹಾ ಹ್ಯಾಂಗಿತ್ರಿ ಬೀಗರ?" ಎಂದು ಕೇಳಿದಳು.

"ಛಲೋ ಇತ್ರಿ. ರೊಟ್ಟಿ ಇದ್ರ ಇನ್ನೂ ಛಲೋ ಇರ್ತಿತ್ತು."

ಈ ಸುದ್ದಿ ಕೇಳಿ ಮನೆಯಲ್ಲಿ ಎಲ್ಲರೂ ನಕ್ಕರು, ನನ್ನ ಅವ್ವನೊಬ್ಬಳ ಹೊರತು. "ವಯಸ್ಸಾತು, ಅಕ್ಕಗ ಮರವು ಬಂದೈತಿ. ಇನ್ನೊಮ್ಮೆ ಡಬ್ಬಿ ತಪ್ಪಿತಂದ್ರ ಖಾನಾವಳಿ ಮುಚ್ಚಿಸಿ ಬಿಜಾಪುರಕ್ಕ ಕರ್ಕೊಂಡ ಬರಾಕಿ ನಾ," ಎಂದಳು. ಅವ್ವ ಹೇಳಿದ್ದನ್ನು ಮಾಡುವವಳು. ಆ ಒಲೆ ಆರಿದರೆ ದೊಡ್ಡವ್ವ ಏನಾದಾಳು ಎಂದು ಯೋಚಿಸಲು ನನಗೆ ಧೈರ್ಯವಾಗಲಿಲ್ಲ. ಅವಳ ಡಬ್ಬಿಗಳಿಗೆ ಚೀಟಿ ಅಂಟಿಸಿ ಬರುತ್ತೇನೆಂದು ಹೊರಟೆ.

ಆಗ ನಾನು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಪ್ರಾಜೆಕ್ಟಿಗಾಗಿ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದೆ. ಅದರಲ್ಲಿ ವೇರಿಯೇಬಲ್ ಎಂದರೆ ಹೆಸರಿಟ್ಟ ಡಬ್ಬಿ. ಒಳಗೆ ಅಂಕಿಯೂ ಇರಬಹುದು, ಅಕ್ಷರವೂ ಇರಬಹುದು. ಇರುವುದು ಯಾವುದು ಎಂಬ ಗುರುತನ್ನು ನಾನು ಶಿಸ್ತಾಗಿ ಡಬ್ಬಿಯ ಮೇಲೆಯೇ ಬರೆದಿಡುತ್ತಿದ್ದೆ. ಆದರೆ ಒಂದರಲ್ಲಿದ್ದುದನ್ನು ಇನ್ನೊಂದಕ್ಕೆ ಸುರಿದರೆ ಗುರುತು ಹಳೆಯ ಡಬ್ಬಿಯಲ್ಲೇ ಉಳಿಯುತ್ತಿತ್ತು. ನನ್ನ ಭಾಷೆ ಊರಿನ ಹೆಸರನ್ನೂ ಅಂಕಿಯೆಂದೇ ತಿಳಿದು ಲೆಕ್ಕಕ್ಕೆ ಕೂರುತ್ತಿತ್ತು. ಸಾರವಾಡಕ್ಕೆ ಎರಡು ಕೂಡಿಸಿದರೆ ಎಷ್ಟು? ಅದು ಹೇಳಿದ ಉತ್ತರ ಪರದೆಯಲ್ಲಿ ಹಿಡಿಯದಷ್ಟು ಉದ್ದವಿತ್ತು.

ತಿಕೋಟಾಕ್ಕೆ ಹೋಗಿ ಇಪ್ಪತ್ತಮೂರು ಡಬ್ಬಿಗಳ ಮುಚ್ಚಳಕ್ಕೆ ಚೀಟಿ ಅಂಟಿಸಿದೆ. ದೊಡ್ಡವ್ವ ಒಂದೊಂದರ ಮೇಲೂ ಬೆರಳಾಡಿಸಿದಳು.

"ಭಾಳ ಛಂದ ಬರದಿ ಬಿಡು. ಇದರ ಅಕ್ಷರ ಅಂತೂ ಮುತ್ತಿನಂಗ ಬಿದ್ದಾವ," ಎಂದು ಕೊನೆಯ ಡಬ್ಬಿಯನ್ನು ಎತ್ತಿ ಹಿಡಿದಳು.

ಮಧ್ಯಾಹ್ನ ರೊಟ್ಟಿ ಬಡಿಯುವ ಕೆಲಸದಾಕೆ ಮುಚ್ಚಳಗಳನ್ನೆಲ್ಲ ತೊಳೆದು, ಕೈಗೆ ಬಂದ ಹಾಗೆ ಮುಚ್ಚಿಟ್ಟಳು. ನಾನು ಗಿರಾಕಿಗಳ ಚಹಾಕ್ಕೆಂದು 'ಸಕ್ಕರೆ' ತೆರೆದು ಚಮಚ ತುಂಬಿದೆ. ಪಕ್ಕದಲ್ಲಿದ್ದ ದೊಡ್ಡವ್ವ ಡಬ್ಬಿಯೊಳಗೆ ಬೆರಳಿಟ್ಟಳು.

"ನಿಲ್ಲ ಬೇ. ಉಪ್ಪು ಅದು. ಅಕ್ಕಿಕಾಳು ಕೈಗೆ ಹತ್ತಾಕತ್ತಾವ."

"ಚೀಟಿಯೊಳಗ ಸಕ್ಕರಿ ಅಂತೈತಲ್ಲ ದೊಡ್ಡವ್ವ."

"ನಿನ್ನ ಚೀಟಿ ಮುಚ್ಚಳದ ಮಾತ ಹೇಳ್ತೈತಿ. ಮುಚ್ಚಳಕ್ಕೇನ ಗೊತ್ತ? ಒಳಗ ಏನೈತಂತ ಒಳಗಿದ್ದದ್ದ ಹೇಳಬೇಕು. ನಾ ಎಲ್ಲಿ ಸುರುವಿದ್ರೂ ಲವಂಗ ಸಕ್ಕರಿ ಸಂಗಾಟ ಹೊಕ್ಕಾವ."

ಚಮಚ ಹಿಡಿದುಕೊಂಡೇ ನಿಂತೆ. ಆರು ತಿಂಗಳಿನಿಂದ ನನ್ನ ಪ್ರಾಜೆಕ್ಟು ಸಿಕ್ಕಿಕೊಂಡಿದ್ದ ಜಾಗ ಅದೇ. ಗುರುತು ಇರಬೇಕಾದದ್ದು ಡಬ್ಬಿಗಲ್ಲ, ಒಳಗಿನ ಪದಾರ್ಥಕ್ಕೆ. ಅದು ಎಲ್ಲಿಗೆ ಹೋದರೂ ಜೊತೆಗೇ ಹೋಗಬೇಕು.

"ಹುಳ ಹಿಡೀಬಾರದಂತ ಎಲ್ಲಾರೂ ಲವಂಗ ಹಾಕ್ತಾರ. ನೀ ಎಣಿಸಿ ಹಾಕೂದ ಯಾಕ?" ಎಂದು ಕೇಳಿದೆ.

"ಒಂದ ಕಡಿಮಿ ಆತಂದ್ರ ಯಾರದೋ ಚಹಾದಾಗ ಬಿದ್ದೈತಂತ ತಿಳೀತೈತಿ."

"ಬಿದ್ರ ಕಾಣೂದಿಲ್ಲೇನು?"

ಅವಳು ಒಲೆಯ ಮೇಲಿನ ಪಾತ್ರೆಯನ್ನು ಸುಮ್ಮನೆ ಸರಿಸಿದಳು. ನನ್ನ ಕಣ್ಣು ಅವಳು ಮುತ್ತಿನಂಥ ಅಕ್ಷರವೆಂದು ಹೊಗಳಿದ ಚೀಟಿಯ ಮೇಲೆ ಬಿತ್ತು. ಪೆನ್ನು ಮುಗಿದಿದ್ದರಿಂದ ಅದರಲ್ಲಿ ನಾನು ಏನೂ ಬರೆದಿರಲೇ ಇಲ್ಲ.

"ಎಷ್ಟ ದಿನಾತು ದೊಡ್ಡವ್ವ?"

"ಎರಡ ವರ್ಷ ಆತು. ಮಂಜ ಮುಸುಕಿದಂಗ ಆಗತೈತಿ. ನಿಮ್ಮವ್ವಗ ಹೇಳಬ್ಯಾಡ ಯವ್ವಾ. ಒಲಿ ಬಿಡಸ್ತಾಳ."

"ಕಣ್ಣಿಗೆ ಪೊರಿ ಬಂದಿರಬೇಕು. ತಗಸಿದ್ರ ಮತ್ತ ಕಾಣತೈತಿ."

"ಖಾನಾವಳಿ ಮುಚ್ಚಸಂಗಿಲ್ಲಲ್ಲ?"

"ಇಲ್ಲ."

"ಆಣಿ ಮಾಡು."

ಸಕ್ಕರೆ ಡಬ್ಬಿ ಮುಟ್ಟಿ ಆಣೆ ಮಾಡಿದೆ. ಅವಳು ಬೆರಳಿಟ್ಟು ಅದು ಸಕ್ಕರೆಯೇ ಎಂದು ಖಾತ್ರಿ ಮಾಡಿಕೊಂಡಳು.

ಮರುದಿನ ಬೆಳಿಗ್ಗೆ ಇಪ್ಪತ್ತಮೂರು ಮುಚ್ಚಳಗಳನ್ನು ಬಿಸಿನೀರಿನಲ್ಲಿ ನೆನೆಯಿಟ್ಟು ಚೀಟಿಗಳನ್ನೆಲ್ಲ ಕಿತ್ತೆ. ಡಬ್ಬಿ ತಪ್ಪಿದ್ದು ನಾನು, ಅವಳಲ್ಲ ಎಂದು ಅವ್ವನಿಗೆ ಫೋನು ಮಾಡಿದೆ. ಆಮೇಲೆ ದೊಡ್ಡವ್ವನ ಕೈ ಹಿಡಿದು ಬಿಜಾಪುರದ ಬಸ್ಸು ಹತ್ತಿದೆ. ಕಣ್ಣಿನ ದವಾಖಾನೆ ಬರುವವರೆಗೂ ದಾರಿಯ ಬೋರ್ಡುಗಳನ್ನೆಲ್ಲ ಒಂದೂ ಬಿಡದೆ ಅವಳಿಗೆ ಓದಿ ಹೇಳಿದೆ.