ವಿಕ್ಟೋರಿಯಾ ಸತ್ತ ಸುದ್ದಿ

ಮಾರ್ಟಳ್ಳಿ ಹೈಸ್ಕೂಲಿನ ಶಾಂತಮೂರ್ತಿ ಮೇಷ್ಟ್ರಿಗೆ ಗಟ್ಟಿಯಾಗಿ ಓದದೆ ಏನೂ ತಲೆಗೆ ಹತ್ತುತ್ತಿರಲಿಲ್ಲ. ಅನಾಹುತವೆಲ್ಲ ಆದದ್ದು ಅದರಿಂದಲೇ. ಎರಡು ಸಲ ಫೇಲಾಗಿದ್ದ ಎಂ.ಎ. ಇಂಗ್ಲಿಷಿನ ವಿಕ್ಟೋರಿಯನ್ ಯುಗದ ಪೇಪರು ಅಂದು ಮಧ್ಯಾಹ್ನ ಎರಡಕ್ಕೆ ಕೊಳ್ಳೇಗಾಲದಲ್ಲಿತ್ತು. ಇದೇ ಕೊನೆಯ ಅವಕಾಶ. ಬೆಳಗಿನ ಬಸ್ಸಿನಲ್ಲಿ ಕಣ್ಣು ಮುಚ್ಚಿ, ನೋಟ್ಸನ್ನು ಕನ್ನಡಕ್ಕಿಳಿಸಿಕೊಂಡು ಉರು ಹೊಡೆಯತೊಡಗಿದರು: "ವಿಕ್ಟೋರಿಯಾ ಸತ್ತಳು. ಜನರೆಲ್ಲ ಕಪ್ಪು ಬಟ್ಟೆ ತೊಟ್ಟರು. ಒಂದು ಯುಗ ಮುಗಿಯಿತು."

ಹಿಂದಿನ ಸೀಟಿನ ಪುಟ್ಟಮಲ್ಲಮ್ಮ ಎದೆ ಬಡಿದುಕೊಂಡಳು. "ಅಯ್ಯೋ, ನಮ್ ಟೈಲರ್ ವಿಕ್ಟೋರಿಯಾ ಓಗ್ಬುಟ್ಳಾ? ಮೊನ್ನೆ ರವ್ಕೆ ಕೊಟ್ಟಿದ್ನಲ್ಲಾ!"

"ಅವ್ರಲ್ಲ ಕಣಮ್ಮ, ಇಂಗ್ಲೆಂಡ್ ರಾಣಿ!"

"ಯಾವಾಗ?"

"ನೂರಿಪ್ಪತ್ತು ವರ್ಷದ ಮೇಲಾಯ್ತು."

"ಎದುರುಮನೆಯವ್ರಲ್ವಾ ಪಾಪ, ದುಃಖಕ್ಕೆ ಮೇಷ್ಟ್ರ ತಲೆ ಕೆಟ್ಟದೆ," ಎಂದ ಕಂಡಕ್ಟರ್ ಬಸವಣ್ಣ.

ಸುದ್ದಿ ಕುಂತೂರು ಸಕ್ಕರೆ ಕಾರ್ಖಾನೆಯ ಕಬ್ಬಿನ ಟ್ರ್ಯಾಕ್ಟರಿನಂತೆ ದಾರಿ ತುಂಬ ಹರಡಿಕೊಂಡು ಹೊರಟಿತು. ಮೇಷ್ಟ್ರ ವಿವರಣೆ ಅದರ ಹಿಂದೆ ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತಲೇ ಉಳಿಯಿತು. ಹನೂರು ಮುಟ್ಟಿದೊಡನೆ ಹಾರ ಬಂತು, ಮಾರ್ಟಳ್ಳಿಗೆ ವಾಪಸ್ ಹೋಗಲು ಆಟೋ ಬಂತು. "ಸುದ್ದಿ ತಂದೋರೇ ಬರ್ದೇ ಇದ್ರೆ ಎಂಗೆ ಸಾ?" ಎಂದು ನಾಲ್ಕು ಜನ ಅವರನ್ನು ಒಳಕ್ಕೆ ತುರುಕಿದರು. ಅವರೂ ಹೆಚ್ಚು ಕೊಸರಾಡಲಿಲ್ಲ. ವಿಕ್ಟೋರಿಯಾ ಬಾಗಿಲು ತೆಗೆದು ಎಲ್ಲರಿಗೂ ಉಗಿದುಬಿಟ್ಟರೆ ಹನ್ನೊಂದರ ಬಸ್ಸಾದರೂ ಸಿಕ್ಕೀತಲ್ಲ.

ಬಾಗಿಲು ತಟ್ಟಿದರು. ಯಾರೂ ತೆಗೆಯಲಿಲ್ಲ. ಮೇಷ್ಟ್ರೇ ಗಂಟಲು ಹರಿಯುವಂತೆ ಕೂಗಿದರು: "ವಿಕ್ಟೋರಿಯಾಮ್ಮಾ, ಒಂದ್ಸಲ ಆಚೆ ಬನ್ನಿ ತಾಯಿ!"

ಕೊನೆಗೆ ಚಿಲಕ ಮುರಿದರು. ಆಕೆ ಹೊಲಿಗೆ ಮಿಷಿನ್ನಿನ ಮೇಲೆ ತಲೆಯಿಟ್ಟು ತಣ್ಣಗಾಗಿದ್ದಳು.

ಗುಂಪು ಸದ್ದಿಲ್ಲದೆ ಮೇಷ್ಟ್ರಿಂದ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕೇಳಿದರು: "ಬಾಗ್ಲು ಒಳಗಿಂದ ಹಾಕಿತ್ತು. ನೋಡಿದೋರು ಯಾರೂ ಇಲ್ಲ. ನಿಮಗೆ ಬೆಳಿಗ್ಗೆ ಎಂಟಕ್ಕೇ ಹೇಗೆ ಗೊತ್ತಾಯ್ತು ಮೇಷ್ಟ್ರೇ?"

ಶಾಂತಮೂರ್ತಿ ರಾಣಿಯ ಕತೆಯನ್ನು ಮೊದಲಿಂದ ಹೇಳಿದರು. ಅದು ಅವರ ಕಿವಿಗೇ ಹಸಿ ಸುಳ್ಳಿನಂತೆ ಕೇಳಿತು.

ಗೋಡೆ ಗಡಿಯಾರದಲ್ಲಿ ಎರಡಾಯಿತು. ಇನ್ಸ್‌ಪೆಕ್ಟರ್ ನಾಲ್ಕು ಬಿಳಿ ಹಾಳೆ, ಒಂದು ಪೆನ್ನು ಮುಂದಿಟ್ಟರು. "ರಾಣಿ ವಿಷ್ಯ ಬಿಡಿ. ಎದುರುಮನೆ ವಿಕ್ಟೋರಿಯಾ ಬಗ್ಗೆ ಗೊತ್ತಿರೋದೆಲ್ಲ ಬರೀರಿ."

ರಾಣಿಯ ಒಂಬತ್ತು ಮಕ್ಕಳ ಹೆಸರೂ ಮೇಷ್ಟ್ರಿಗೆ ಬಾಯಿಪಾಠ. ಎಂಟು ವರ್ಷ ಎದುರಿಗೇ ಬದುಕಿದ್ದವಳ ತವರು ಯಾವುದು, ಅವಳಿಗೆ ಯಾರಿದ್ದರು, ಎದೆನೋವಿತ್ತೋ ಏನೋ, ಒಂದೂ ತಿಳಿಯದು. ಪೆನ್ನು ಹಿಡಿದು ಕೂತೇ ಇದ್ದರು.

ಅರ್ಧ ಗಂಟೆಯ ಮೇಲೆ ಬಂದ ಇನ್ಸ್‌ಪೆಕ್ಟರ್ ಖಾಲಿ ಹಾಳೆಗಳನ್ನು ಮಗುಚಿ ನೋಡಿದರು. "ಏನೋ ಮುಚ್ಚಿಡ್ತಿದ್ದೀರಿ," ಎಂದರು.