ಬಂಕ್ ಇಲ್ಲದ ವಿಮಾನ

ಬೇರೆಯವರು ಮನೆಯಿಂದ ಹೊರಟರೆ ಊರು ಸೇರುತ್ತಾರೆ. ನಾನು ಹೊರಟರೆ ದಾರಿಯಲ್ಲಿ ಏನಾದರೊಂದು ಆಗಿಯೇ ಸೇರುತ್ತೇನೆ. ನಾವಿರುವ ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ಎರಡು ಸ್ಟಾಪ್ ದೂರಕ್ಕೆ ಟ್ರಾಮ್ ಹತ್ತಿದರೂ ಅಷ್ಟೇ, ಅಟ್ಲಾಂಟಿಕ್ ದಾಟಿದರೂ ಅಷ್ಟೇ.

ಹೋದ ಚಳಿಗಾಲದಲ್ಲಿ ಬಾಸ್ಟನ್‌ನಲ್ಲಿರುವ ನನ್ನ ತಂಗಿಗೆ ಚೊಚ್ಚಲ ಹೆರಿಗೆ. ಅಮ್ಮನಿಗೆ ವೀಸಾ ಸಿಗಲಿಲ್ಲ, ಬಾಣಂತನಕ್ಕೆ ನಾನೇ ಹೊರಟೆ. ಹೆರಿಗೆಗೆ ನಾಲ್ಕು ದಿನ ಮೊದಲೇ ತಲುಪುವ ಹಾಗೆ ಟಿಕೆಟ್ ಮಾಡಿಸಿದ್ದೆವು. ಹೊರಡುವ ಹಿಂದಿನ ದಿನ ತಂಗಿ ಫೋನ್ ಮಾಡಿ ಅತ್ತಳು.

"ಅಕ್ಕಾ, ಬಿಪಿ ಏರಿದೆಯಂತೆ. ನಾಳೆ ಸಂಜೆ ನಾಲ್ಕೂವರೆಗೇ ಆಪರೇಷನ್. ನೀನು ಬರದೆ ನಾನು ಒಳಗೆ ಹೋಗಲ್ಲ."

ಅವಳ ಗಂಡ ಇದ್ದಾನೆ. ಆದರೆ ಸೂಜಿ ಕಂಡರೇ ಕುಸಿದು ಬೀಳುವ ಗಂಡಸು ಅವನು, ಅವನನ್ನು ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು. ನನ್ನ ವಿಮಾನ ಇಳಿಯುವುದು ಮಧ್ಯಾಹ್ನ ಒಂದಕ್ಕೆ. ಕೈಯಲ್ಲಿದ್ದದ್ದು ಮೂರೂವರೆ ಗಂಟೆ.

ಚಿಕ್ಕ ವಿಮಾನ

ನನ್ನ ಗಂಡ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ರೋಟಾದಲ್ಲಿ ರಜೆ ಸಿಗದ ಕಾರಣ ಮೂರು ವರ್ಷದ ಮಗಳನ್ನು ಕರೆದುಕೊಂಡು ನಾನೊಬ್ಬಳೇ ಹೊರಟಿದ್ದೆ. ಮ್ಯಾಂಚೆಸ್ಟರ್ ಏರ್‌ಪೋರ್ಟಿನ ಗಾಜಿನಾಚೆ ನಿಂತಿದ್ದ ವಿಮಾನ ನೋಡಿದ್ದೇ ತಡ, ಅವರಿಗೆ ಫೋನ್ ಹಚ್ಚಿದೆ.

"ರೀ, ಇದೇನ್ರೀ ಇಷ್ಟು ಚಿಕ್ಕದು? ರಜೆಯಲ್ಲಿ ಸ್ಪೇನ್‌ಗೆ ಹೋಗಿದ್ದೆವಲ್ಲ, ಅದೇ ಇದ್ದ ಹಾಗಿದೆ!"

"ಅದರ ಅಣ್ಣ ಕಣೇ. ಟ್ಯಾಂಕ್ ದೊಡ್ಡದು. ದೊಡ್ಡ ವಿಮಾನವೇ ಬೇಕು ಅಂದ್ರೆ ಲಂಡನ್‌ಗೆ ಹೋಗಿ ಹತ್ತಬೇಕಿತ್ತು. ಇದು ಮನೆ ಬಾಗಿಲಿಂದ ನೇರ."

"ಸಮುದ್ರ ದಾಟೋದಕ್ಕೆ ಮಿನಿ ಬಸ್ ಹತ್ತಿಸ್ತಿದ್ದೀರಲ್ಲ!"

"ಹೆದರಬೇಡ್ವೇ. ಪೈಲಟ್ ಕೂಡ ಅದರಲ್ಲೇ ಬರ್ತಾನೆ."

"ಅವನಿಗೆ ಅದಕ್ಕೆ ಸಂಬಳ ಕೊಡ್ತಾರೆ, ರೀ," ಎಂದು ಫೋನ್ ಇಟ್ಟೆ.

ಟ್ರಾಲಿ

ಒಳಗೆ ಈ ಕಡೆ ಮೂರು ಸೀಟು, ಆ ಕಡೆ ಮೂರು, ನಡುವೆ ಒಂದೇ ಓಣಿ. ಓಣಿಯ ಪಕ್ಕ ನಾನು, ನಡುವೆ ಮಗಳು, ಕಿಟಕಿಯಲ್ಲಿ ಲೀಡ್ಸ್‌ನ ಒಬ್ಬ ಅಜ್ಜ. ವಿಮಾನ ನೋಡುವುದೇ ಅವರ ಹವ್ಯಾಸ. ರೆಕ್ಕೆ, ಎಂಜಿನ್ನು, ಎಲ್ಲದರ ಬಗ್ಗೆಯೂ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದರು.

ಮಗಳಿಗೆ ನ್ಯಾಪಿ ಬಿಡಿಸಿ ಆಗ ಮೂರು ವಾರ. ಊಟದ ಟ್ರಾಲಿ ನಮ್ಮ ಸಾಲಿನ ಹಿಂದೆ ನಿಂತ ಗಳಿಗೆಯಲ್ಲೇ ಅವಳು, "ಅಮ್ಮಾ, ವೀ ವೀ!" ಎಂದಳು. ಟಾಯ್ಲೆಟ್ ಇದ್ದದ್ದು ಟ್ರಾಲಿಯ ಆಚೆ. ಅವಳನ್ನು ಎತ್ತಿ ಟ್ರಾಲಿಯ ಮೇಲಿಂದ ಆಚೆ ಸೀಟಿನವರ ಕೈಗೆ ದಾಟಿಸಲು ಹೋದೆ.

"ಮಕ್ಕಳನ್ನು ಹಾಗೆಲ್ಲ ದಾಟಿಸುವ ಹಾಗಿಲ್ಲ, ಲವ್. ಹತ್ತು ನಿಮಿಷ ತಡೆಯಿರಿ," ಎಂದಳು ಗಗನಸಖಿ. ನಮ್ಮ ಕಡೆಯ ಇಂಗ್ಲಿಷರಿಗೆ ಗುರುತಿಲ್ಲದವರೂ 'ಲವ್'ಗಳೇ.

"ನಾನು ತಡೆಯುತ್ತೇನೆ. ಇವಳು ತಡೆಯದಿದ್ದರೆ ನಿಮ್ಮ ಟ್ರಾಲಿ ತೊಳೆಯಬೇಕಾಗುತ್ತದೆ."

ಮಗಳು ಇನ್ನೂ ಟ್ರಾಲಿಯ ಮೇಲೆಯೇ ತೂಗುತ್ತಿದ್ದಳು. ಕೆಳಗಿದ್ದ ಚಿಕನ್ ತಟ್ಟೆಗಳನ್ನು ನೋಡಿ ಗಗನಸಖಿಗೆ ವಿಷಯ ಅರ್ಥವಾಯಿತು. ಟ್ರಾಲಿ ಹದಿನೈದು ಸಾಲು ಹಿಂದಕ್ಕೆ ಸರಿಯಿತು. ಅದರ ಹಿಂದೆ ನಿಂತಿದ್ದವರೆಲ್ಲ ಹಿಂದಕ್ಕೆ ನಡೆದರು. ಇಡೀ ವಿಮಾನ ನಮ್ಮನ್ನೇ ನೋಡುತ್ತಿತ್ತು. ಬಾಗಿಲು ತೆಗೆದು ಮಗಳನ್ನು ಒಳಗೆ ನಿಲ್ಲಿಸಿದರೆ, ಅವಳು ಸುತ್ತ ಒಮ್ಮೆ ನೋಡಿದಳು.

"ನೋ ವೀ ವೀ, ಅಮ್ಮಾ. ಜಸ್ಟ್ ಲುಕಿಂಗ್."

ಬಂಕ್

ನಾಲ್ಕು ಗಂಟೆ ಹಾರಿದ ಮೇಲೆ ಕ್ಯಾಪ್ಟನ್ ಮಾತಾಡಿದರು. ಎದುರುಗಾಳಿ ಜೋರಾಗಿದೆ, ಅಂದುಕೊಂಡದ್ದಕ್ಕಿಂತ ಹೆಚ್ಚು ಇಂಧನ ಖರ್ಚಾಗಿದೆ, ದಾರಿಯಲ್ಲಿ ತುಂಬಿಸಿಕೊಳ್ಳಬೇಕಾಗಬಹುದು. ನಾನು ಗಡಿಯಾರ ನೋಡಿಕೊಂಡೆ. ಕಿಟಕಿಯ ಅಜ್ಜ ಮಾತ್ರ ಹಬ್ಬ ಬಂದವರ ಹಾಗೆ ಕೈ ಉಜ್ಜಿಕೊಂಡರು. "ಒಂದೇ ಓಣಿಯ ವಿಮಾನಕ್ಕೆ ಚಳಿಗಾಲದಲ್ಲಿ ಹೀಗಾಗುವುದುಂಟು. ನನಗೆ ಇದು ಮೊದಲ ಸಲ!"

ನಾನು ಗುಂಡಿ ಒತ್ತಿ ಗಗನಸಖಿಯನ್ನು ಕರೆದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ನಮ್ಮೂರಿನ ಇಂಗ್ಲಿಷು.

"ಬಂಕ್ ಎಲ್ಲಿದೆ? ಇನ್ನೂ ಎಷ್ಟು ದೂರ?"

"ಸಾರಿ ಲವ್, ಇದರಲ್ಲಿ ಬಂಕ್ ಇಲ್ಲ. ದೊಡ್ಡ ವಿಮಾನಗಳಿಗೆ ಮಾತ್ರ ಇರುತ್ತೆ."

"ಬಂಕೇ ಇಲ್ಲದೆ ನೀವೆಲ್ಲ ಹೇಗೆ ಮಾಡ್ತೀರಾ?"

"ಅಭ್ಯಾಸವಾಗಿದೆ. ಸೀಟಿನಲ್ಲೇ ಕೂತು ಕಣ್ಣು ಮುಚ್ಚಿಕೊಳ್ತೀವಿ."

"ಪೈಲಟ್?"

"ಅವರೂ ಅಷ್ಟೇ, ಒಬ್ಬರಾದ ಮೇಲೆ ಒಬ್ಬರು."

ನಾನು ಮಗಳನ್ನು ತಬ್ಬಿಕೊಂಡು ಗೊತ್ತಿದ್ದ ದೇವರನ್ನೆಲ್ಲ ಕರೆಯತೊಡಗಿದೆ. ಅಜ್ಜ ಏನಾಯಿತೆಂದು ಕೇಳಿದರು. "ಪೆಟ್ರೋಲ್ ಬಂಕ್ ಇಲ್ಲವಂತೆ, ಕಣ್ಣು ಮುಚ್ಚಿಕೊಳ್ಳಬೇಕಂತೆ," ಎಂದೆ. ಅವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಮ್ಮಲ್ಲಿ ಬಂಕ್ ಎಂದರೆ ಪೆಟ್ರೋಲ್ ಹಾಕಿಸುವ ಜಾಗ, ಇವರಲ್ಲಿ ಸಿಬ್ಬಂದಿ ಮಲಗುವ ಹಾಸಿಗೆ! ಪೆಟ್ರೋಲಿಗೆ ಕೆನಡಾದ ಪೂರ್ವ ತುದಿಯಲ್ಲಿ ನಿಲ್ದಾಣವಿದೆ, ಭಯ ಬೇಡ ಎಂದು ಅಜ್ಜ ಬಿಡಿಸಿ ಹೇಳಿದರು. ನಾನು ಇನ್ನೂ ನೆಮ್ಮದಿಯ ಉಸಿರು ಬಿಡುತ್ತಿರುವಾಗಲೇ ಆ ಗಗನಸಖಿ ಮತ್ತೆ ಬಂದಳು. ಕೈಯಲ್ಲಿ ನನಗಾಗಿ ಒಂದು ದಿಂಬು.

ಡೆಲಿವರಿ

ಕೆನಡಾದಲ್ಲಿ ಇಳಿದು, ಇಂಧನ ತುಂಬಿಸಿಕೊಂಡು, ಬಾಸ್ಟನ್ ಮುಟ್ಟುವಾಗ ಮೂರು ಗಂಟೆ. ಇಮಿಗ್ರೇಷನ್ ಸಾಲು ಮುಗಿಯದಷ್ಟು ಉದ್ದ. ನನ್ನ ಸರದಿ ಬಂದಾಗ ಮೂರೂ ಮೂವತ್ತೈದು. ಪೆಟ್ಟಿಗೆಯಲ್ಲಿ ಜಾಗ ಸಾಲದೆ ಮೂರು ಸ್ವೆಟರ್ ಮೈಮೇಲೇ ಹಾಕಿಕೊಂಡಿದ್ದೆ.

"ಯಾಕೆ ಬಂದಿದ್ದೀರಿ?" ಎಂದರು ಅಧಿಕಾರಿ.

"ಡೆಲಿವರಿ."

"ಏನನ್ನು ಡೆಲಿವರಿ ಮಾಡಬೇಕು?"

"ಮಗು."

ಅವರು ಬಗ್ಗಿ ನನ್ನ ಮಗಳನ್ನು ನೋಡಿದರು. "ಇದನ್ನಾ? ಯಾರಿಗೆ?"

"ಅಯ್ಯೋ, ಇದು ನನ್ನದು! ಇನ್ನೊಂದು ಬರಬೇಕು."

ಅವರ ಕಣ್ಣು ನನ್ನ ಮೂರು ಸ್ವೆಟರಿನ ಹೊಟ್ಟೆಯ ಮೇಲೆ ನಿಂತಿತು. "ಯಾವಾಗ?"

"ಇವತ್ತು ನಾಲ್ಕೂವರೆಗೆ! ಬೇಗ ಬಿಡಿ ಸಾರ್, ಟೈಮಿಲ್ಲ!"

ಅವರು ಎದ್ದು ನಿಂತು ವೀಲ್‌ಚೇರ್‌ಗಾಗಿ ಕೂಗಿದರು. ನಾನು ಕೋಟು ಬಿಚ್ಚಿ, ಸ್ವೆಟರುಗಳನ್ನು ಒಂದೊಂದಾಗಿ ಎತ್ತಿ ತೋರಿಸಿ, ತಂಗಿಯ ವಿಷಯ ಹೇಳಿದೆ.

"ಹಾಗಾದರೆ ನೀವು ಡಾಕ್ಟರಾ?"

"ಅಲ್ಲ, ಹತ್ತನೇ ಕ್ಲಾಸು ಪಾಸು."

"ಮತ್ತೆ ನಿಮ್ಮ ಕೆಲಸವೇನು?"

"ಸ್ನಾನ ಮಾಡಿಸೋದು. ಅವಳಿಗೆ, ಮಗುವಿಗೆ. ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ನಲವತ್ತು ದಿನ."

"ಒಬ್ಬರಿಗೆ ಸ್ನಾನ ಮಾಡಿಸಲು ಅಟ್ಲಾಂಟಿಕ್ ದಾಟಿ ಬಂದಿರಾ?"

"ಬೆಳ್ಳುಳ್ಳಿ ಸಾರೂ ಮಾಡ್ತೀನಿ," ಎಂದೆ. ಅಷ್ಟು ಹೊತ್ತಿಗೆ ನನಗೆ ಅಳುವೇ ಬಂದಿತ್ತು.

ಅವರು ರಿಟರ್ನ್ ಟಿಕೆಟ್ ನೋಡಿದರು, ತಂಗಿಯ ಆಸ್ಪತ್ರೆಯ ಕಾಗದ ನೋಡಿದರು, ನನ್ನ ಮುಖ ನೋಡಿದರು. ಕೊನೆಗೆ ಪಾಸ್‌ಪೋರ್ಟ್ ವಾಪಸ್ ಕೊಟ್ಟು ಹೇಳಿದರು: "ಹೋಗಿ ಮೇಡಂ. ಮುಂದಿನ ಸಲ ಯಾರಾದರೂ ಕೇಳಿದರೆ ಸುಮ್ಮನೆ ಟೂರಿಸ್ಟ್ ಅನ್ನಿ. ಎಲ್ಲರಿಗೂ ಸುಲಭ."

ಟ್ಯಾಕ್ಸಿ ಆಸ್ಪತ್ರೆ ಮುಟ್ಟಿದಾಗ ನಾಲ್ಕೂ ಇಪ್ಪತ್ತು. ಮಗಳನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದೆ. ತಂಗಿಯ ಮಂಚವನ್ನು ಆಗಲೇ ಆಪರೇಷನ್ ಬಾಗಿಲಿನವರೆಗೆ ತಳ್ಳಿಕೊಂಡು ಬಂದಿದ್ದರು. ಅವಳು ಕಂಬಿ ಹಿಡಿದು, ಅಕ್ಕ ಬರದೆ ಒಳಗೆ ಹೋಗುವುದಿಲ್ಲವೆಂದು ಜಗಳ ಮಾಡುತ್ತಿದ್ದಳು. ನಾನು ಹೋಗಿ ಅವಳ ಕೈ ಹಿಡಿದುಕೊಂಡೆ. ನರ್ಸ್ ನನ್ನನ್ನು ತಡೆದಳು.

"ಒಂದು ನಿಮಿಷ. ನೀವು ಯಾರು?"

ಏದುಸಿರು ಬಿಡುತ್ತಾ ಹೇಳಿದೆ: "ಟೂರಿಸ್ಟ್."